ಕಲ್ಲಿನ ಮೇಜು ಕೊಳ್ಳುವ ಮುಂಚೆ: ಪರಿಸರಕ್ಕೆ ಅದರ ಭಾರ ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ

ಹೋದ ವರ್ಷ ನಮ್ಮಕ್ಕ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ಊಟದ ಮೇಜಿಗೆ ಕಲ್ಲು ನೋಡಲು ನನ್ನನ್ನೂ ಕರೆದುಕೊಂಡು ಹೋದಳು. ಆರು ಅಡಿ ಉದ್ದ, ಮೂರು ಅಡಿ ಅಗಲದ ಮೇಜು ಅವಳ ಮನಸ್ಸಿನಲ್ಲಿತ್ತು. ಮೂರು ಅಂಗಡಿ ಸುತ್ತಿದೆವು. ಒಂದು ಕಡೆ ಗ್ರಾನೈಟ್ ತೋರಿಸಿ, "ಇದು ನ್ಯಾಚುರಲ್ ಮೇಡಂ, ಭೂಮಿಯಿಂದಲೇ ಬಂದಿದ್ದು, ಪರಿಸರಕ್ಕೆ ಏನೂ ತೊಂದರೆ ಇಲ್ಲ" ಅಂದರು. ಇನ್ನೊಂದು ಕಡೆ, "ಇದು ಕ್ವಾರ್ಟ್ಜ್, ಬೆಟ್ಟ ಕಡಿಯೋ ಹಾಗೇ ಇಲ್ಲ, ಇದೇ ಇಕೋ ಫ್ರೆಂಡ್ಲಿ" ಅಂದರು. ಮೂರನೆಯವರು ಇಟಾಲಿಯನ್ ಮಾರ್ಬಲ್ ಮುಂದೆ ನಿಂತು ಅದೇ ಮಾತು ಹೇಳಿದರು. ಮೂವರ ಮಾತೂ ನಿಜ ಇರಲಾರದು, ಅಲ್ವಾ?

ಮನೆಗೆ ಬಂದು ಪೆನ್ನು ಕಾಗದ ಹಿಡಿದು ಕೂತೆವು. ಆಗ ನನಗೆ ಹೊಳೆದದ್ದು ಇಷ್ಟು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ಮಾಡಲು ಮನುಷ್ಯರು ಯಾವ ಕುಲುಮೆಯನ್ನೂ ಉರಿಸಿಲ್ಲ. ಕಲ್ಲಿನ ಭಾರ ಪರಿಸರದ ಮೇಲೆ ಬೀಳಲು ಶುರುವಾಗುವುದು ನಾವು ಅದನ್ನು ಕಿತ್ತ ಕ್ಷಣದಿಂದ. ಕೊರೆದದ್ದು, ಕೊಯ್ದದ್ದು, ಅಂಟು ತುಂಬಿದ್ದು, ಲಾರಿಗೆ ಹಾಕಿದ್ದು, ಅಡಿಗೆ ಕಬ್ಬಿಣದ ಕಾಲು ಕೊಟ್ಟದ್ದು, ಮೂರೇ ವರ್ಷಕ್ಕೆ ಬೇಸರ ಬಂದು ಎಸೆದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ "ಯಾವ ಕಲ್ಲು ಒಳ್ಳೆಯದು?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಈ ಕಲ್ಲಿಗೆ ಇಲ್ಲಿವರೆಗೆ ಏನೇನು ಮಾಡಿದ್ದಾರೆ, ಇನ್ನು ನಾನು ಏನೇನು ಮಾಡಿಸುತ್ತೇನೆ?" ಅಂತ ಕೇಳಿದರೆ ಸಿಗುತ್ತದೆ. ಅದನ್ನೇ ಹಂತ ಹಂತವಾಗಿ ಬರೆದಿದ್ದೇನೆ. ಅಕ್ಕನ ಆರು ಬೈ ಮೂರರ ಮೇಜನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಹೊಸ ಕಲ್ಲು ಬೇಕೇ ಬೇಕಾ ಅಂತ ನೋಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಹಂತಕ್ಕಿಂತ ಇದರಲ್ಲೇ ಉಳಿತಾಯ ಜಾಸ್ತಿ. ಆಗಲೇ ಕೊಯ್ದಿರುವ ಕಲ್ಲು ಸಿಕ್ಕರೆ ಕ್ವಾರಿ, ಗರಗಸ, ದೂರದ ಲಾರಿ ಇವೆಲ್ಲ ನಿಮ್ಮ ಲೆಕ್ಕದಿಂದ ಹೆಚ್ಚುಕಡಿಮೆ ಹೊರಗೆ ಹೋಗುತ್ತವೆ.

ಹುಡುಕುವ ಜಾಗ ಎರಡು. ಒಂದು, ಗ್ರಾನೈಟ್ ಅಂಗಡಿಯ ಹಿಂಭಾಗ. ಅಡುಗೆಮನೆ ಕಟ್ಟೆಗೆ, ಮೆಟ್ಟಿಲಿಗೆ ಕೊಯ್ದು ಮಿಕ್ಕಿದ ತುಂಡುಗಳು ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. "ಕಟ್ ಪೀಸ್ ಇದೆಯಾ?" ಅಂತ ಕೇಳಿದರೆ ಸಾಕು. ಟೀಪಾಯಿ, ಸೈಡ್ ಟೇಬಲ್, ದೇವರ ಮನೆಯ ಪೀಠ, ಕಿಟಕಿಯ ಕೆಳಗಿನ ಕಟ್ಟೆ, ಇವಕ್ಕೆಲ್ಲ ಹೊಸ ಸ್ಲ್ಯಾಬ್ ಒಡೆಯುವ ಅಗತ್ಯವೇ ಇಲ್ಲ. ಇನ್ನೊಂದು, ಹಳೇ ಮನೆ ಕೆಡವುವ ಜಾಗ ಮತ್ತು ಹಳೇ ಕಟ್ಟಡ ಸಾಮಾನು ಮಾರುವ ಅಂಗಡಿ. ಹಳೇ ಮನೆಯ ಕಡಪ ಕಲ್ಲಿನ ಶೆಲ್ಫು, ಜಗಲಿಯ ಚಪ್ಪಡಿ, ಮೆಟ್ಟಿಲ ಕಲ್ಲು ಅಲ್ಲಿ ಸಿಗುತ್ತವೆ. ಕೈಉಳಿಯಲ್ಲಿ ಕೆತ್ತಿದ ಹಳೇ ಚಪ್ಪಡಿ ಮೂರ್ನಾಲ್ಕು ಇಂಚು ದಪ್ಪ ಇರಬಹುದು. ಮನೆ ಒಳಗಿನ ಮೇಜಿಗೆ ಅದು ಆಗದು, ಆದರೆ ಅಂಗಳದ ಬೆಂಚಿಗೆ ಅದಕ್ಕಿಂತ ಚೆನ್ನಾಗಿರುವುದು ಬೇರೆ ಇಲ್ಲ.

ಹಳೇ ಕಲ್ಲು ತರುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಡಬ್ ಅಂತ ಸತ್ತ ಸದ್ದು ಬರುತ್ತದೆ. ಮೇಲೆ ನೀರು ಸುರಿದು ಒರೆಸಿದರೆ ಬಿರುಕಿನ ಗೆರೆ ಮಾತ್ರ ಒದ್ದೆಯಾಗಿ ಉಳಿದು ಕಣ್ಣಿಗೆ ಕಾಣುತ್ತದೆ.

ಹಂತ 2: ಅಂಗಡಿಯ ಹೆಸರಿನ ಹಿಂದೆ ಯಾವ ಕಲ್ಲಿದೆ ಅಂತ ತಿಳಿಯಿರಿ

ಹೊಸದೇ ಬೇಕು ಅಂತಾದರೆ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಅಂಗಡಿಯ ಹೆಸರು ಬೇರೆ, ಕಲ್ಲಿನ ಜಾತಿ ಬೇರೆ.

ಚಾಮರಾಜನಗರದ ಕಡೆಯ "ಬ್ಲ್ಯಾಕ್ ಗ್ರಾನೈಟ್" ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ, ಡೋಲೆರೈಟ್. ಇಳಕಲ್ಲಿನ ಕೆಂಪು ಕಲ್ಲು, ಬೆಂಗಳೂರಿನ ಉತ್ತರಕ್ಕಿರುವ ಸಾದರಹಳ್ಳಿಯ ಬೂದು ಕಲ್ಲು ಗ್ರಾನೈಟ್ ಜಾತಿಯವು. ಶಹಾಬಾದ್, ಕಡಪ, ಕೋಟಾ ಮೂರೂ ಸುಣ್ಣಕಲ್ಲುಗಳು. ರಾಜಸ್ಥಾನದ ಮಕ್ರಾನಾದ್ದು ಅಮೃತಶಿಲೆ. "ಇಟಾಲಿಯನ್" ಅಂತ ಮಾರುವ ಕಲ್ಲೆಲ್ಲ ಇಟಲಿಯದ್ದಲ್ಲ. ಟರ್ಕಿ, ಗ್ರೀಸ್, ಸ್ಪೇನ್, ಒಮಾನ್‌ನಿಂದ ಬಂದದ್ದಕ್ಕೂ ನಮ್ಮಲ್ಲಿ ಅದೇ ಹೆಸರು.

ಇನ್ನು ಕಲ್ಲಿನ ಹಾಗೆ ಕಾಣುವ, ಆದರೆ ಕಾರ್ಖಾನೆಯಲ್ಲಿ ಮಾಡಿದ ವಸ್ತುಗಳು. "ಕ್ವಾರ್ಟ್ಜ್" ಅಂದರೆ ಬೆಣಚುಕಲ್ಲಿನ ಪುಡಿಗೆ ಪಾಲಿಯೆಸ್ಟರ್ ರಾಳ (ಪ್ಲಾಸ್ಟಿಕ್ ಜಾತಿಯ ಅಂಟು) ಬೆರೆಸಿ ಒತ್ತಿ ಮಾಡಿದ ಹಲಗೆ. ತೂಕದಲ್ಲಿ 90 ಶೇಕಡಾ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕಲ್ಲು, ಉಳಿದದ್ದು ರಾಳ ಮತ್ತು ಬಣ್ಣ. ಬಡಗಿಗಳು "ಕೊರಿಯನ್" ಅನ್ನುವುದಕ್ಕೂ ಕೊರಿಯಾಕ್ಕೂ ಸಂಬಂಧವಿಲ್ಲ. ಕೊರಿಯಾನ್ ಅನ್ನುವ ಬ್ರ್ಯಾಂಡಿನ ಹೆಸರು ಬಾಯಿಂದ ಬಾಯಿಗೆ ಹಾಗಾಗಿದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಅಕ್ರಿಲಿಕ್ ಪ್ಲಾಸ್ಟಿಕ್. "ಸಿಂಟರ್ಡ್ ಸ್ಟೋನ್" ಅಥವಾ ದೊಡ್ಡ ಪೋರ್ಸಿಲೇನ್ ಸ್ಲ್ಯಾಬ್ ಟೈಲ್ಸ್‌ನ ಅಣ್ಣ. ಅದನ್ನು ಸುಮಾರು 1,200 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಟೆರಾಝೊ ಅಂದರೆ ನಮ್ಮ ಹಳೇ ಮೊಸಾಯಿಕ್ ನೆಲವೇ, ಸಿಮೆಂಟಿನಲ್ಲಿ ಕಲ್ಲಿನ ಚೂರು.

ಗುರುತು ಹಿಡಿಯಲು ಸುಲಭದ ದಾರಿ ಇದೆ. ಅಂಗಡಿಯವರನ್ನು ಕೇಳಿ ಒಂದು ಸಣ್ಣ ಚೂರು ಮನೆಗೆ ತನ್ನಿ. ಪಾಲಿಶ್ ಇರುವ ಕಡೆ ಎರಡು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದ ಮೇಲೆ ಹೊಳಪು ಹೋಗಿ ಮಂಕು ಕಲೆ ಉಳಿದರೆ ಅದು ಅಮೃತಶಿಲೆ ಅಥವಾ ಸುಣ್ಣಕಲ್ಲು. ಕಪ್ಪು ಕಲ್ಲಾದರೆ ಬಿಳಿ ಬಟ್ಟೆಗೆ ಥಿನ್ನರ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದ್ದಾರೆ ಅಂತ ಅರ್ಥ. ನಾವು ನೋಡಿದ ಒಂದು "ಅಚ್ಚ ಕಪ್ಪು" ಕಲ್ಲಿನಲ್ಲಿ ಹೀಗೇ ಆಯಿತು. ಅಕ್ಕನ ಮುಖ ನೋಡಬೇಕಿತ್ತು.

ಹಂತ 3: ಹಿಂಭಾಗ ತಿರುಗಿಸಿ ನೋಡಿ

ಸ್ಲ್ಯಾಬಿನ ಹೊಳೆಯುವ ಮುಖ ಏನೂ ಹೇಳುವುದಿಲ್ಲ. ಬೆನ್ನು ಹೇಳುತ್ತದೆ. ಹಿಂದೆ ಬಿಳಿ ಫೈಬರ್ ಬಲೆ ಅಂಟಿಸಿದ್ದರೆ ಆ ಕಲ್ಲು ತಾನಾಗಿ ನಿಲ್ಲುವಷ್ಟು ಗಟ್ಟಿ ಇಲ್ಲ. ಎಪಾಕ್ಸಿ ರಾಳದಿಂದ ಬಲೆ ಕೂರಿಸಿ, ಮೇಲಿನ ಬಿರುಕು ತೂತುಗಳಿಗೂ ರಾಳ ತುಂಬಿ ಪಾಲಿಶ್ ಮಾಡಿರುತ್ತಾರೆ. ಹೊರದೇಶದ ಅಮೃತಶಿಲೆಯಲ್ಲಿ ಇದು ತುಂಬಾ ಸಾಮಾನ್ಯ. ಹಾಗೆ ಮಾಡಿದ್ದು ಮೋಸ ಅಂತ ನಾನು ಹೇಳುತ್ತಿಲ್ಲ. ಬಿರುಕು ಕಲ್ಲನ್ನು ಬಿಸಾಡುವುದಕ್ಕಿಂತ ಅದು ವಾಸಿ. ಆದರೆ "ನೂರಕ್ಕೆ ನೂರು ನ್ಯಾಚುರಲ್" ಅನ್ನುವ ಮಾತು ಮಾತ್ರ ಅಲ್ಲಿಗೆ ಮುಗಿಯಿತು.

ಕ್ವಾರ್ಟ್ಜ್ ಹಲಗೆಯ ಲೆಕ್ಕ ಹಾಕೋಣ. ಅಕ್ಕನ ಮೇಜಿನ ಅಳತೆಯಲ್ಲಿ 20 ಮಿಲಿಮೀಟರ್ ದಪ್ಪದ ಹಲಗೆ ಸುಮಾರು 80 ಕೆಜಿ ತೂಗುತ್ತದೆ. ಅದರಲ್ಲಿ ಆರೇಳು ಕೆಜಿ ಪೆಟ್ರೋಲಿಯಂನಿಂದ ಬಂದ ರಾಳ. ಮುಂದೆ ಯಾವತ್ತಾದರೂ ಒಡೆದರೆ ಗ್ರಾನೈಟ್ ಚೂರನ್ನು ಜಲ್ಲಿಯ ಹಾಗೆ ಬಳಸಬಹುದು. ರಾಳ ಬೆರೆತ ಚೂರಿಗೆ ಅಷ್ಟು ಸುಲಭದ ದಾರಿ ಇಲ್ಲ. ಬಿಸಿ ಪಾತ್ರೆ ನೇರ ಇಟ್ಟರೆ ರಾಳ ಸುಟ್ಟು ಕಲೆ ಬೀಳುವುದೂ ಉಂಟು.

ಹಂತ 4: ಕ್ವಾರಿಯನ್ನು ಮೇಲಿಂದ ನೋಡಿ

ಕಲ್ಲು ಯಾವ ಊರಿಂದ ಬಂತು ಅಂತ ಕೇಳಿ ಬರೆದುಕೊಳ್ಳಿ. ರಾತ್ರಿ ಫೋನಿನಲ್ಲಿ ಗೂಗಲ್ ಮ್ಯಾಪ್ಸ್ ತೆಗೆದು, ಉಪಗ್ರಹ ಚಿತ್ರ ಹಾಕಿ, ಆ ಊರಿನ ಸುತ್ತ ನೋಡಿ. ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ಯಾವ ಕರಪತ್ರವೂ ಕಲಿಸದ್ದನ್ನು ಇದು ಕಲಿಸುತ್ತದೆ. ಇಳಕಲ್, ಚಾಮರಾಜನಗರದ ಸುತ್ತ ಹಸಿರಿನ ನಡುವೆ ಚೌಕದ ಗುಂಡಿಗಳು, ಪಕ್ಕದಲ್ಲಿ ಬೇಡವಾದ ಕಲ್ಲಿನ ಗುಡ್ಡೆಗಳು ಕಾಣುತ್ತವೆ. ಮಕ್ರಾನಾದಲ್ಲಿ ಊರಿನ ಪಕ್ಕದಲ್ಲೇ ಸಾಲಾಗಿ ಆಳದ ಕಂದಕಗಳು. ಶಹಾಬಾದ್, ಚಿತ್ತಾಪುರದ ಕಡೆ ಹೊಲಗಳ ನಡುವೆ ಅಗಲವಾದ, ಆದರೆ ಕಡಿಮೆ ಆಳದ ಗುಂಡಿಗಳು.

ಆ ಗುಡ್ಡೆಗಳನ್ನು ಗಮನಿಸಿ. ಕಿತ್ತ ಕಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಅಲ್ಲೇ ಉಳಿಯುವುದು ಸಾಮಾನ್ಯ. ಅಂಗಡಿಗೆ ಬೇಕಾದದ್ದು ಬಿರುಕಿಲ್ಲದ, ಒಂದೇ ಬಣ್ಣದ, ದೊಡ್ಡ ದಿಮ್ಮಿ. ಒಂದು ಬಿಳಿ ಗೆರೆ ಅಡ್ಡ ಬಂದರೂ ದಿಮ್ಮಿಯ ಬೆಲೆ ಇಳಿಯುತ್ತದೆ. ಹಾಗಾಗಿ ನೀವು "ಸ್ವಲ್ಪ ಗೆರೆ ಇದ್ದರೂ ಪರವಾಗಿಲ್ಲ, ಒಂದು ಮಚ್ಚೆ ಇದ್ದರೂ ಪರವಾಗಿಲ್ಲ" ಅಂದರೆ ಅದು ಬರೀ ಚೌಕಾಸಿ ಮಾತಲ್ಲ. ಗುಡ್ಡೆ ಸೇರಬೇಕಿದ್ದ ಕಲ್ಲು ನಿಮ್ಮ ಮನೆ ಸೇರುತ್ತದೆ.

ಇಲ್ಲಿ ಶಹಾಬಾದ್ ಕಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಕೂತಿರುವ ಕಲ್ಲು. ಪದರದ ಗುಂಟ ಎಬ್ಬಿಸಿದರೆ ತಾನಾಗಿ ಹಲಗೆಯಾಗುತ್ತದೆ. ದೊಡ್ಡ ದಿಮ್ಮಿಯನ್ನು ಗಂಟೆಗಟ್ಟಲೆ ಕೊಯ್ಯುವ ಕೆಲಸವೇ ಇಲ್ಲ. ಕಲಬುರಗಿ ಕಡೆ ತಲೆಮಾರುಗಳಿಂದ ನೆಲಕ್ಕೂ, ಚಾವಣಿಗೂ, ಗೋಡೆ ಕಪಾಟಿಗೂ ಅದನ್ನೇ ಹಾಕಿದ್ದಾರೆ. ಫ್ಯಾಷನ್ ಇಲ್ಲ ಅಂತ ಬೆಂಗಳೂರಿನ ಅಂಗಡಿಗಳು ಅದನ್ನು ಪಾರ್ಕಿಂಗ್ ಜಾಗಕ್ಕೆ, ತಾರಸಿಗೆ ತಳ್ಳಿಬಿಟ್ಟಿವೆ. ಸ್ವಲ್ಪ ಉಜ್ಜಿಸಿ ಎಣ್ಣೆ ಹಚ್ಚಿದರೆ ಓದುವ ಮೇಜಿಗೆ, ಪುಸ್ತಕದ ಕಪಾಟಿಗೆ ಎಷ್ಟು ಚೆಂದ ಕಾಣುತ್ತದೆ ಅಂತ ಒಮ್ಮೆ ನೋಡಿ.

ಕಾನೂನಿನ ಕಡೆಯಿಂದಲೂ ಕೇಳುವುದಿದೆ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ, ಐದು ಹೆಕ್ಟೇರಿಗಿಂತ ಸಣ್ಣ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕು ಅಂದಿತು. ಕರ್ನಾಟಕದಲ್ಲಿ ಕ್ವಾರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ ಬೇಕು, ಕಲ್ಲು ಸಾಗಿಸಲು ಪರ್ಮಿಟ್ ಬೇಕು. ಅಂಗಡಿಯವರ ಹತ್ತಿರ ಕ್ವಾರಿಯ ಕಾಗದ ಇರುವುದು ಅಪರೂಪ. ಆದರೂ ಕೇಳಿ, ಜಿಎಸ್‌ಟಿ ಬಿಲ್ಲನ್ನಂತೂ ತಪ್ಪದೆ ತೆಗೆದುಕೊಳ್ಳಿ. ಬಿಲ್ಲಿಲ್ಲದ ಕಲ್ಲು ಎಲ್ಲಿಂದ ಬಂತು ಅಂತ ಯಾರೂ ಹಿಂದಕ್ಕೆ ಹೋಗಿ ನೋಡಲಾಗದು.

ಹಂತ 5: ಕೊಯ್ತದ ಲೆಕ್ಕ

ದಿಮ್ಮಿಯನ್ನು ಹಲಗೆ ಮಾಡುವಾಗ ಗರಗಸವೂ ಕಲ್ಲು ತಿನ್ನುತ್ತದೆ. 20 ಮಿಲಿಮೀಟರ್ ಹಲಗೆಗೆ ಐದಾರು ಮಿಲಿಮೀಟರ್ ಅಲಗಿನ ಪಾಲು ಅಂತ ಇಟ್ಟುಕೊಂಡರೆ, ದಿಮ್ಮಿಯ ಐದನೇ ಒಂದು ಭಾಗ ಪುಡಿಯಾಗಿ ನೀರಿನ ಜೊತೆ ಕೆಸರಾಗುತ್ತದೆ. ರಾಜಸ್ಥಾನದ ಕಿಶನ್‌ಗಢದಲ್ಲಿ ಈ ಕೆಸರನ್ನು ಸುರಿದು ಸುರಿದು ಎಷ್ಟು ದೊಡ್ಡ ಬಿಳಿ ಬಯಲಾಗಿದೆ ಅಂದರೆ, ಜನ ಅಲ್ಲಿಗೆ ಹಿಮದ ನಾಡಿಗೆ ಹೋದ ಹಾಗೆ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಚಿತ್ರದಲ್ಲಿ ಸುಂದರವಾಗಿ ಕಾಣುವ ಆ ಬಯಲು ಅಷ್ಟೂ ಅಮೃತಶಿಲೆಯ ಪುಡಿ. ಒಣಗಿದರೆ ಗಾಳಿಗೆ ಹಾರುತ್ತದೆ, ಮಣ್ಣಿನ ಮೇಲೆ ಕೂತರೆ ನೀರು ಇಂಗದ ಹಾಗೆ ಮುಚ್ಚುತ್ತದೆ. ಕೊಯ್ಯುವ ಕಾರ್ಖಾನೆಯನ್ನೇ ನೋಡುವ ಅವಕಾಶ ಸಿಕ್ಕರೆ "ಫಿಲ್ಟರ್ ಪ್ರೆಸ್ ಇದೆಯಾ, ಕೆಸರು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. ಫಿಲ್ಟರ್ ಪ್ರೆಸ್ ಇದ್ದರೆ ನೀರು ಮತ್ತೆ ಗರಗಸಕ್ಕೇ ವಾಪಸ್ ಬರುತ್ತದೆ, ಕೆಸರು ಒಣ ಬಿಲ್ಲೆಯಾಗುತ್ತದೆ. ಇಲ್ಲದಿದ್ದರೆ ಅದು ಯಾವ ಕೆರೆಗೆ ಹೋಗುತ್ತದೋ.

ನಿಮ್ಮ ಕೈಯಲ್ಲಿರುವುದು ಅಳತೆ. ಗ್ರಾನೈಟ್ ಅಂಗಡಿಯಲ್ಲಿ "ಗ್ಯಾಂಗ್ ಸಾ ಸೈಜ್" ಅಂತ ಐದಾರು ಅಡಿ ಅಗಲದ ದೊಡ್ಡ ಸ್ಲ್ಯಾಬ್, "ಕಟ್ಟರ್ ಸೈಜ್" ಅಂತ ಎರಡರಿಂದ ಮೂರು ಅಡಿ ಅಗಲದ ಸಣ್ಣ ಸ್ಲ್ಯಾಬ್ ಇರುತ್ತದೆ. ಅಕ್ಕ ಮೂರು ಅಡಿ ಅಗಲವೇ ಬೇಕು ಅಂದಿದ್ದರೆ, ಅವಳು ಮೆಚ್ಚಿದ ಕಲ್ಲಿನಲ್ಲಿ ಅಷ್ಟು ಅಗಲದ ಕಟ್ಟರ್ ಸೈಜ್ ಇಲ್ಲದ್ದರಿಂದ ದೊಡ್ಡ ಸ್ಲ್ಯಾಬ್ ಒಡೆಯಬೇಕಿತ್ತು. ಎರಡೂವರೆ ಅಡಿಗೆ ಒಪ್ಪಿದರೆ ಕಟ್ಟರ್ ಸೈಜಿನ ಒಂದು ಸ್ಲ್ಯಾಬ್ ಹೆಚ್ಚುಕಡಿಮೆ ಪೂರ್ತಿ ಬಳಕೆಯಾಗುತ್ತಿತ್ತು. ಮೊದಲು ಮೇಜಿನ ಅಳತೆ ಹಿಡಿದು ಕಲ್ಲು ಹುಡುಕಬೇಡಿ. ಕಲ್ಲು ನೋಡಿ ಮೇಜಿನ ಅಳತೆ ಬದಲಿಸಿ. ದುಂಡು ಮೇಜು ಇಷ್ಟಪಡುವವರು ಇದನ್ನೂ ನೆನಪಿಡಿ: ಚೌಕದಿಂದ ವೃತ್ತ ಕೊಯ್ದರೆ ನಾಲ್ಕು ಮೂಲೆ ಸೇರಿ 21 ಶೇಕಡಾ ಕಲ್ಲು ಹೋಗುತ್ತದೆ.

ಹಂತ 6: ದೂರಕ್ಕಿಂತ ದಾರಿ ಮುಖ್ಯ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, "ಲೋಕಲ್ ಕಲ್ಲಾ?" ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರ ನಾನು ಅಂದುಕೊಂಡಷ್ಟು ನೇರ ಇರಲಿಲ್ಲ.

20 ಮಿಲಿಮೀಟರ್ ಗ್ರಾನೈಟ್ ಅಥವಾ ಅಮೃತಶಿಲೆ ಒಂದು ಚದರ ಅಡಿಗೆ ಸುಮಾರು 5 ಕೆಜಿ. ಅಕ್ಕನ ಮೇಜು 18 ಚದರ ಅಡಿ, ಅಂದರೆ 90 ಕೆಜಿ. ಒಂದು ಟನ್ ಸಾಮಾನನ್ನು ಒಂದು ಕಿಲೋಮೀಟರ್ ಒಯ್ಯಲು ಲಾರಿ ಸುಮಾರು 100 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕಂಟೇನರ್ ಹಡಗು 15 ಗ್ರಾಂ ಆಸುಪಾಸು ಅಂತ ಹಿಡಿಯೋಣ. ಲಾರಿ, ಲೋಡು, ರಸ್ತೆ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ಹೋಲಿಕೆಗೆ ಇಷ್ಟು ಸಾಕು.

ಚಾಮರಾಜನಗರದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್. ಅಕ್ಕನ ಮೇಜಿನ ಕಲ್ಲಿಗೆ ಇಂಗಾಲದ ಡೈಆಕ್ಸೈಡ್ ಎರಡು ಕೆಜಿಯೂ ಆಗುವುದಿಲ್ಲ. ಇಳಕಲ್‌ನಿಂದ ನಾಲ್ಕು ಕೆಜಿ, ಶಹಾಬಾದ್‌ನಿಂದ ಐದಾರು ಕೆಜಿ. ಮಕ್ರಾನಾದಿಂದ ಸುಮಾರು 2,000 ಕಿಲೋಮೀಟರ್ ಲಾರಿಯಲ್ಲಿ ಬಂದರೆ 18 ಕೆಜಿ. ಇಟಲಿಯಿಂದ ಸುಯೆಜ್ ಕಾಲುವೆ ದಾಟಿ ಚೆನ್ನೈಗೆ ಸುಮಾರು 10,000 ಕಿಲೋಮೀಟರ್ ಹಡಗು, ಅಲ್ಲಿಂದ ಬೆಂಗಳೂರಿಗೆ ಲಾರಿ, ಒಟ್ಟು ಸುಮಾರು 17 ಕೆಜಿ. ಅಂದರೆ ರಾಜಸ್ಥಾನದ ಕಲ್ಲಿಗೂ ಇಟಲಿಯ ಕಲ್ಲಿಗೂ ದಾರಿಯ ಹೊಗೆಯಲ್ಲಿ ದೊಡ್ಡ ವ್ಯತ್ಯಾಸವೇ ಇಲ್ಲ!

ಆದರೆ ಇಲ್ಲೊಂದು ತಿರುವಿದೆ. ಹೊರದೇಶದ ಅಮೃತಶಿಲೆ ಎಷ್ಟೋ ಸಲ ದಿಮ್ಮಿಯಾಗಿ ಗುಜರಾತಿನ ಬಂದರಿಗೆ ಬಂದು, ಅಲ್ಲಿಂದ ಕಿಶನ್‌ಗಢಕ್ಕೆ ಹೋಗಿ ಹಲಗೆಯಾಗಿ, ಮತ್ತೆ ಲಾರಿಯಲ್ಲಿ ದಕ್ಷಿಣಕ್ಕೆ ಬರುತ್ತದೆ. ಆಗ ಲಾರಿ ದಾರಿಯೇ 2,800 ಕಿಲೋಮೀಟರ್ ದಾಟುತ್ತದೆ. ಹಡಗಿನದ್ದೂ ಸೇರಿಸಿದರೆ 35 ಕೆಜಿ ಮೀರುತ್ತದೆ. ಜೊತೆಗೆ, ಕೊಯ್ಯುವಾಗ ಪುಡಿಯಾಗುವ ಐದನೇ ಒಂದು ಭಾಗವನ್ನೂ ಅಷ್ಟು ದೂರ ಹೊತ್ತು ತಂದ ಹಾಗಾಯಿತು. ಹಾಗಾಗಿ "ಎಲ್ಲಿಯ ಕಲ್ಲು?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಬೇಡಿ. "ಎಲ್ಲಿ ಕೊಯ್ದಿದ್ದು?" ಅಂತಲೂ ಕೇಳಿ. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಕೊಯ್ದ ಕನಕಪುರದ ಕಲ್ಲಿನ ದಾರಿ ಎಷ್ಟು ಚಿಕ್ಕದು ಅಂತ ಆಗ ಗೊತ್ತಾಗುತ್ತದೆ.

ಹಂತ 7: ಮೇಜಿನ ಕಾಲು

ಈ ಹಂತ ನನ್ನ ಕಣ್ಣು ತೆರೆಸಿತು. 90 ಕೆಜಿ ಕಲ್ಲು ಹೊರಲು ಅಂಗಡಿಯವರು ಸಾಮಾನ್ಯವಾಗಿ ಕಬ್ಬಿಣದ ಸ್ಟ್ಯಾಂಡ್ ಕೊಡುತ್ತಾರೆ. 25 ಕೆಜಿ ಅಂತಿಟ್ಟುಕೊಳ್ಳಿ. ಭಾರತದಲ್ಲಿ ಒಂದು ಕೆಜಿ ಉಕ್ಕು ಮಾಡಲು ಸರಾಸರಿ ಎರಡೂವರೆ ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೆಕ್ಕ ಹಾಕಿದರೆ 60 ಕೆಜಿ ದಾಟಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ, ಅಂದರೆ ಈ ಸ್ಟ್ಯಾಂಡ್ ಸುಮಾರು 27 ಲೀಟರ್ ಪೆಟ್ರೋಲಿಗೆ ಸಮ. ಮಕ್ರಾನಾ ಕಲ್ಲಿನ ಲಾರಿ ದಾರಿಗಿಂತ ಮೂರು ಪಟ್ಟು ಜಾಸ್ತಿ! ನಾವು ಕಲ್ಲಿನ ಊರು ಕೇಳುತ್ತಾ ಕೂತಿದ್ದೆವು, ಕಾಲನ್ನು ಯಾರೂ ನೋಡಿರಲಿಲ್ಲ.

ದಾರಿಗಳಿವೆ. ಹಳೇ ಮನೆಯ ತೊಲೆ, ಬಾಗಿಲ ಚೌಕಟ್ಟಿನ ಮರದಿಂದ ಕಾಲು ಮಾಡಿಸಬಹುದು. ಹಳೇ ಹೊಲಿಗೆ ಯಂತ್ರದ ಎರಕದ ಸ್ಟ್ಯಾಂಡ್ ಸಣ್ಣ ಮೇಜಿಗೆ ಒಪ್ಪುತ್ತದೆ. ಅಂಗಳದ ಬೆಂಚಾದರೆ ಕಲ್ಲಿಗೆ ಕಲ್ಲಿನದೇ ಕಾಲು, ನಮ್ಮ ಊರಿನ ಅರಳಿಕಟ್ಟೆಯ ಪಕ್ಕ ಇರುವ ಹಾಗೆ. ಟೆರಾಝೊ ಮೇಜಿಗೂ ಇದೇ ಎಚ್ಚರ ಬೇಕು. ಬಿಸಾಡಬೇಕಿದ್ದ ಕಲ್ಲಿನ ಚೂರು ಬಳಸುತ್ತಾರೆ ಅನ್ನುವುದು ಒಳ್ಳೆಯದೇ, ಆದರೆ ಹಿಡಿದಿಡುವುದು ಸಿಮೆಂಟು. ಸುಣ್ಣಕಲ್ಲು ಸುಟ್ಟೇ ಸಿಮೆಂಟ್ ಆಗಬೇಕು. ದಪ್ಪನೆಯ ಟೆರಾಝೊಗಿಂತ ತೆಳ್ಳನೆಯದು ವಾಸಿ.

ಹಂತ 8: ಧೂಳು ಯಾರ ಎದೆಗೆ ಹೋಗುತ್ತದೆ

ಪರಿಸರ ಅಂದರೆ ಬೆಟ್ಟ, ಕೆರೆ ಮಾತ್ರ ಅಲ್ಲ. ಕಲ್ಲು ಕೊಯ್ಯುವವನ ಉಸಿರೂ ಅದರಲ್ಲಿ ಸೇರಿದೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ಬೆಣಚುಕಲ್ಲಿನಲ್ಲಿರುವ ಸಿಲಿಕಾ, ಕೊಯ್ಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಗಾಯದ ಮೇಲೆ ಗಾಯವಾಗಿ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಗುಣ ಮಾಡುವ ಔಷಧಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಇಂಥ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕಲ್ಲಿನಿಂದ ಕಲ್ಲಿಗೆ ಸಿಲಿಕಾ ಬೇರೆ. ಅಮೃತಶಿಲೆ, ಸುಣ್ಣಕಲ್ಲುಗಳಲ್ಲಿ ತುಂಬಾ ಕಡಿಮೆ. ಗ್ರಾನೈಟಿನಲ್ಲಿ 45 ಶೇಕಡಾವರೆಗೂ ಇರಬಹುದು. ಮರಳುಗಲ್ಲಿನಲ್ಲಿ ಇನ್ನೂ ಜಾಸ್ತಿ. ಕ್ವಾರ್ಟ್ಜ್ ಹಲಗೆಯಲ್ಲಿ 90 ಶೇಕಡಾ ದಾಟುತ್ತದೆ, ಜೊತೆಗೆ ರಾಳದ ಪುಡಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಅಡುಗೆ ಕಟ್ಟೆ ಕೊಯ್ಯುವ ಕೆಲಸಗಾರರು, ಅದರಲ್ಲೂ ಚಿಕ್ಕ ವಯಸ್ಸಿನವರು, ಈ ರೋಗಕ್ಕೆ ತುತ್ತಾಗುತ್ತಿರುವುದು ಬೆಳಕಿಗೆ ಬಂದ ಮೇಲೆ, 2024ರ ಜುಲೈ 1ರಿಂದ ಆ ದೇಶ ಇಂಥ ಹಲಗೆಯನ್ನೇ ನಿಷೇಧಿಸಿತು. ಜಗತ್ತಿನಲ್ಲಿ ಮೊದಲು ಹಾಗೆ ಮಾಡಿದ ದೇಶ ಅದು. ಇದನ್ನು ತಿಳಿದ ಮೇಲೆ ನಾನಂತೂ ಕ್ವಾರ್ಟ್ಜ್ ಹಲಗೆಯನ್ನು ಪಟ್ಟಿಯಿಂದ ತೆಗೆದೆ. ಮನೆಯಲ್ಲಿ ಇಟ್ಟ ಹಲಗೆ ಬಳಸುವವರಿಗೆ ಅಪಾಯ ಮಾಡುವುದಿಲ್ಲ. ಅಪಾಯ ಇರುವುದು ಕೊಯ್ಯುವವರಿಗೆ. ಈಗಾಗಲೇ ಹಾಕಿಸಿಕೊಂಡವರು ಕಿತ್ತು ಎಸೆಯಬೇಡಿ, ಅದನ್ನು ಒಣ ಕಟರ್ ಹಚ್ಚಿ ತುಂಡು ಮಾಡಿಸಬೇಡಿ, ಅಷ್ಟೇ.

ಯಾವ ಕಲ್ಲೇ ಆಗಲಿ, ಈ ಮೂರು ವಿಷಯ ಕೆಲಸ ಕೊಡುವ ಮುಂಚೆಯೇ ಮಾತಾಡಿಕೊಳ್ಳಿ. ಕೊಯ್ಯುವುದು, ಅಂಚು ಉಜ್ಜುವುದು ಅಂಗಡಿಯಲ್ಲೇ, ನೀರು ಹಾಯಿಸುವ ಯಂತ್ರದಲ್ಲಿ ಆಗಬೇಕು. ಮನೆಗೆ ಬಂದು ಕೈಕಟರ್‌ನಲ್ಲಿ ಒಣಕಲು ಕೊಯ್ಯುವ ಕೆಲಸ ಬೇಡ. ತೀರಾ ಅನಿವಾರ್ಯ ಆದರೆ ಬಯಲಿನಲ್ಲಿ, ಕಲ್ಲು ಒದ್ದೆ ಮಾಡುತ್ತಾ. ಕರೆಂಟು ಯಂತ್ರಕ್ಕೆ ನೀರು ಬೀಳುವುದರಿಂದ ನೀರು ಹಾಕಲೆಂದೇ ಮಾಡಿದ ಕಟರ್ ಬೇಕು, ಸುಮ್ನೆ ಬಕೆಟ್ಟಿನಿಂದ ಸುರಿಯುವುದು ಅಪಾಯ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಈ ಧೂಳು ತಡೆಯುವುದಿಲ್ಲ, ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಬೇಕು. ಅಕ್ಕನ ಮನೆಗೆ ಬಂದ ಹುಡುಗನಿಗೆ ಇಪ್ಪತ್ತು ವರ್ಷ ದಾಟಿರಲಿಲ್ಲ. "ಅಭ್ಯಾಸ ಆಗಿದೆ ಅಕ್ಕಾ, ಏನೂ ಆಗಲ್ಲ" ಅಂದ. ಅಕ್ಕ ಮಾಸ್ಕ್ ಕೊಟ್ಟು, "ನೀನು ಹಾಕಿಕೊಳ್ಳುವವರೆಗೂ ಕೆಲಸ ಶುರು ಮಾಡಬೇಡಪ್ಪ" ಅಂದು ಅಲ್ಲೇ ನಿಂತಳು.

ಹಂತ 9: ಎಷ್ಟು ವರ್ಷ ಬಾಳುತ್ತದೆ

ಇಲ್ಲಿವರೆಗಿನ ಎಲ್ಲ ಭಾರವನ್ನೂ ಬಳಸುವ ವರ್ಷಗಳಿಂದ ಭಾಗಿಸಬೇಕು. ಐದು ವರ್ಷಕ್ಕೆ ಬದಲಿಸುವ ಹತ್ತಿರದ ಕಲ್ಲಿಗಿಂತ ಐವತ್ತು ವರ್ಷ ಬಾಳುವ ದೂರದ ಕಲ್ಲು ಹಗುರ.

ನಮ್ಮ ಊಟ ಹುಳಿಯದ್ದು. ಹುಣಸೆ, ನಿಂಬೆ, ಮಜ್ಜಿಗೆ, ಟೊಮೆಟೊ ಸಾರು ದಿನಾ ಮೇಜಿನ ಮೇಲೆ ಚೆಲ್ಲುತ್ತವೆ. ಅಮೃತಶಿಲೆಯೂ ಕಡಪ ಕಲ್ಲೂ ಹುಳಿಗೆ ಮಂಕಾಗುತ್ತವೆ, ಬಿಳಿ ಅಮೃತಶಿಲೆ ಅರಿಶಿನವನ್ನೂ ಹೀರುತ್ತದೆ. ಆಮೇಲೆ ಮರುಪಾಲಿಶ್, ಸೀಲರ್, ಕೊನೆಗೆ ಬೇಸರ. ಊಟದ ಮೇಜಿಗೆ ಗ್ರಾನೈಟ್ ಅಥವಾ ಡೋಲೆರೈಟ್, ಓದುವ ಮೇಜು ಮತ್ತು ಕಪಾಟಿಗೆ ಸುಣ್ಣಕಲ್ಲು, ಹೀಗೆ ಹಂಚಿಕೊಂಡರೆ ಎರಡೂ ಬಾಳುತ್ತವೆ. ಕಡು ಹೊಳಪಿನ ಪಾಲಿಶ್ ಬದಲು ಲೆದರ್ ಫಿನಿಶ್ (ಚರ್ಮದ ಹಾಗೆ ಸ್ವಲ್ಪ ತರಿತರಿ, ಮಂದ ಹೊಳಪು) ಕೇಳಿ. ಗೀರು, ಕಲೆ ಅದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಯಾರಾದರೂ "ಗ್ರೀನ್", "ಇಕೋ" ಅಂತ ಚೀಟಿ ತೋರಿಸಿದರೆ ಆಧಾರ ಕೇಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪರಿಸರಸ್ನೇಹಿ ಅಂತ ಜಾಹೀರಾತು ಕೊಡುವವರ ಬಳಿ ಅದಕ್ಕೆ ಪುರಾವೆ ಇರಬೇಕು. ದೊಡ್ಡ ಕಂಪನಿಗಳು ಇಪಿಡಿ ಅನ್ನುವ ಪತ್ರ, ಅಂದರೆ ಆ ವಸ್ತು ಪರಿಸರದ ಮೇಲೆ ಹಾಕುವ ಭಾರದ ಲೆಕ್ಕಪತ್ರ, ಕೊಡುತ್ತವೆ. ಎರಡು ಪತ್ರ ಹೋಲಿಸುವಾಗ ಹಲಗೆಯ ದಪ್ಪ ಒಂದೇ ಇದೆಯಾ ಅಂತ ಮೊದಲು ನೋಡಿ. 12 ಮಿಲಿಮೀಟರಿನದ್ದನ್ನು 20ರ ಜೊತೆ ಇಟ್ಟು ತೋರಿಸಿದರೆ ಅದು ಹೋಲಿಕೆಯೇ ಅಲ್ಲ.

ಹಂತ 10: ಕೂರಿಸುವಾಗ

ಕಲ್ಲನ್ನು ಕಾಲಿಗೆ ಎಪಾಕ್ಸಿ ಹಾಕಿ ಶಾಶ್ವತವಾಗಿ ಅಂಟಿಸಬೇಡಿ. ರಬ್ಬರ್ ಬಿಲ್ಲೆ ಇಟ್ಟು, ನಾಲ್ಕು ಕಡೆ ಸಿಲಿಕೋನ್ ಚುಕ್ಕೆ ಹಾಕಿಸಿದರೆ ಕಲ್ಲು ಜಾರುವುದಿಲ್ಲ. ಮನೆ ಬದಲಿಸುವಾಗ ಬ್ಲೇಡಿನಿಂದ ಕೊಯ್ದು ಎತ್ತಬಹುದು. ನಾಲ್ಕು ಜನ ಬೇಕು, ಸ್ಲ್ಯಾಬನ್ನು ಮಲಗಿಸಿ ಒಯ್ಯದೆ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿ ಎತ್ತಿದರೆ ನಡುವೆ ಮುರಿಯುತ್ತದೆ.

ಅಕ್ಕ ಕೊನೆಗೆ ತಂದದ್ದು ಬೂದು ಗ್ರಾನೈಟಿನ ಕಟ್ಟರ್ ಸೈಜ್ ಸ್ಲ್ಯಾಬ್, ಎರಡೂವರೆ ಅಡಿ ಅಗಲ, ಒಂದು ಮೂಲೆಯಲ್ಲಿ ಬಿಳಿ ಗೆರೆ. ಕಾಲು ಅಜ್ಜನ ಮನೆಯ ಹಳೇ ತೊಲೆಯದ್ದು. ಕೂರಿಸುವ ಮುಂಚೆ ಕಲ್ಲಿನ ಅಡಿಗೆ ಅವಳ ಮಗ ಬಿಳಿ ಪೇಂಟಿನಲ್ಲಿ ಬರೆದ: ಗ್ರಾನೈಟ್, 20 ಮಿಮೀ, ರಾಳ ಇಲ್ಲ, ಬಲೆ ಇಲ್ಲ, ತಂದ ವರ್ಷ. ಮುಂದೆ ಈ ಕಲ್ಲು ಯಾರ ಕೈಗೆ ಹೋದರೂ ಅವರು ನಿಂಬೆಹಣ್ಣು ಹಿಡಿದು ಪರೀಕ್ಷೆ ಮಾಡುವ ಕೆಲಸ ಇರುವುದಿಲ್ಲ.